ಸೇವೆಯ ದಣಿವನ್ನು ನುಡಿಯುವುದು ದೋಷವೆ?

ಮನೆಯಲ್ಲಿ ರೋಗಿಯ ಸೇವೆಯನ್ನು ವರ್ಷಗಟ್ಟಲೆ ಮಾಡುವವರ ಮುಂದೆ ಒಂದು ಪ್ರಶ್ನೆ ಬಂದೇ ಬರುತ್ತದೆ. 'ನನಗೆ ಸಾಕಾಯಿತು' ಎಂದು ಬಾಯಿಬಿಟ್ಟು ಹೇಳಿದರೆ ಭಕ್ತಿಗೆ ಕುಂದಾಯಿತೆ? ಮಾಡಿದ ದಾಸೋಹವೆಲ್ಲ ವ್ಯರ್ಥವಾಯಿತೆ?

ಮರೆವಿನ ರೋಗ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಯೊಬ್ಬಳ ಸ್ಥಿತಿಯನ್ನು ಭಾವಿಸಬಹುದು. ಅತ್ತೆಗೆ ಹಗಲಾವುದು ಇರುಳಾವುದು ಎಂಬ ಅರಿವಿಲ್ಲ. ಉಂಡುದನ್ನು ಮರೆತು, ಊಟವಿಕ್ಕಲಿಲ್ಲವೆಂದು ನೆರೆಯವರಲ್ಲಿ ದೂರುವರು. ಬೆಳ್ಳಿಯ ಕರಡಿಗೆಯನ್ನು ತಾವೇ ಎಲ್ಲಿಯೋ ಇಟ್ಟು, ಸೊಸೆ ಕದ್ದಳೆನ್ನುವರು. ಇದು ರೋಗದ ಲಕ್ಷಣವೇ ಹೊರತು ಸ್ವಭಾವದ ದೋಷವಲ್ಲವೆಂದು ಸೊಸೆ ಬಲ್ಲಳು. ಬಲ್ಲ ಮಾತ್ರಕ್ಕೆ ನೋವು ಆರದು. ನಿದ್ದೆಗೆಟ್ಟ ಕಣ್ಣು, ತಡೆಯಲಾಗದ ಸಿಡುಕು, ಸಿಡುಕಿದ ಬಳಿಕ ಪಶ್ಚಾತ್ತಾಪ. 'ಇದು ಮುಗಿಯಬಾರದೆ' ಎಂಬ ಯೋಚನೆ ಒಮ್ಮೆ ಸುಳಿದರೆ, ಅದಕ್ಕಾಗಿಯೇ ತನ್ನನ್ನು ಪಾಪಿಯೆಂದು ಎಣಿಸಿಕೊಳ್ಳುವಳು. ನೆಂಟರು ಯುಗಾದಿಗೊಮ್ಮೆ ಬಂದು, 'ಪುಣ್ಯವಂತೆ' ಎಂದು ಹೊಗಳಿ ಹೋಗುವರು. ಆ ಹೊಗಳಿಕೆಯೇ ಅವಳ ಬಾಯಿಗೆ ಬೀಗವಾಗುವುದು.

ಮೌನವು ತಾಳ್ಮೆಯಂತೆ ಕಾಣುವುದು ನಿಜ. ಆದರೆ ಒಳಗೆ ಕುದಿಯುತ್ತ ಹೊರಗೆ ನಗುವುದು ನಡೆನುಡಿಗಳ ಭೇದವಲ್ಲವೆ? ಶರಣರು ಒಪ್ಪದಿದ್ದುದು ಈ ಭೇದವನ್ನೇ. ಬಸವಣ್ಣನವರು ತಮ್ಮ ಮನದ ಚಂಚಲತೆ, ಅಂಜಿಕೆ, ಸೋಲುಗಳನ್ನು ಕೂಡಲಸಂಗಮದೇವನ ಮುಂದೆ ಮುಚ್ಚುಮರೆಯಿಲ್ಲದೆ ತೋಡಿಕೊಂಡ ವಚನಗಳು ಎಷ್ಟೋ ಇವೆ. ಆ ನಿವೇದನೆಯಿಂದ ಅವರ ಭಕ್ತಿ ಕುಂದಲಿಲ್ಲ; ಇನ್ನಷ್ಟು ನಿರ್ಮಲವಾಯಿತು.

ನುಡಿಗೂ ಒಂದು ವಿವೇಕವುಂಟು. ರೋಗಿಯ ಎದುರಿನಲ್ಲಿಯೇ ಗೊಣಗುವುದು, ಅವರ ಮಾನವನ್ನು ಬೀದಿಗೆ ತರುವುದು ನಿಂದೆ. ನಂಬುಗೆಯುಳ್ಳವರಲ್ಲಿ ತನ್ನ ದಣಿವನ್ನು ಹೇಳಿ, 'ವಾರಕ್ಕೆರಡು ಇರುಳು ನೀವು ನೋಡಿಕೊಳ್ಳಿರಿ' ಎಂದು ಕೇಳುವುದು ನಿಂದೆಯಲ್ಲ. ತನ್ನೊಬ್ಬಳಿಂದಲೇ ಎಲ್ಲವೂ ನಡೆಯುತ್ತದೆಂಬ ಅಹಂಭಾವವನ್ನು ನೀಗುವ ವಿನಯ.

ಅಮೆರಿಕದ ಸ್ಟೀವನ್ ಜಾರಿಟ್ ಮತ್ತು ಸಂಗಡಿಗರು ಇಂತಹ 29 ರೋಗಿಗಳನ್ನೂ ಅವರ ಆರೈಕೆ ಮಾಡುವವರನ್ನೂ ಕುರಿತು ನಡೆಸಿದ ಅಧ್ಯಯನವನ್ನು 1980ರಲ್ಲಿ ಪ್ರಕಟಿಸಿದರು. ಆರೈಕೆ ಮಾಡುವವರು ಅನುಭವಿಸಿದ ಭಾರವು ರೋಗಿಯ ನಡವಳಿಕೆಯ ತೊಡಕುಗಳನ್ನು ಅವಲಂಬಿಸಿರಲಿಲ್ಲ. ಉಳಿದ ಬಂಧುಗಳು ಎಷ್ಟು ಬಾರಿ ಮನೆಗೆ ಬಂದುಹೋಗುತ್ತಿದ್ದರೆಂಬುದಕ್ಕೆ ಸಂಬಂಧಿಸಿತ್ತು. ಭಾರ ಹಗುರವಾಗುವ ದಾರಿ ಬಂಧುಗಳ ಕೈಯಲ್ಲಿಯೂ ಇದೆಯೆಂಬುದನ್ನು ಇದು ಸೂಚಿಸುತ್ತದೆ.

ಪಂಚಾಚಾರಗಳಲ್ಲಿ ಭೃತ್ಯಾಚಾರದೊಡನೆ ಸಮುದಾಯದ ಹೊಣೆಯನ್ನು ನೆನಪಿಸುವ ಗಣಾಚಾರವೂ ಉಂಟು. ಭೃತ್ಯಾಚಾರವೆಲ್ಲ ಸೊಸೆಯೊಬ್ಬಳ ಪಾಲಿಗೆ ಬಂದು, ಗಣಾಚಾರ ಯಾರ ಪಾಲಿಗೂ ಬಾರದಿದ್ದರೆ ಆ ಮನೆಯಲ್ಲಿ ಆಚಾರ ಪೂರ್ಣವಾಯಿತೆನ್ನಲಾಗದು. ಗಂಡ, ಮೈದುನ, ನಾದಿನಿಯರೂ ಆ ಹೊಣೆಗೆ ಸೇರಿದವರೇ. ಹತ್ತಿರದವರಲ್ಲಿ ಹೇಳಲಾಗದವರಿಗೆ, 2022ರಲ್ಲಿ ಭಾರತ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಕನ್ನಡದಲ್ಲಿ ದೊರೆಯುತ್ತದೆ.

ಆದುದರಿಂದ ದಣಿವನ್ನು ನುಡಿಯುವುದು ದೋಷವಲ್ಲ. ನುಡಿದುದನ್ನು ಕೇಳಿಯೂ ಕೇಳದಂತಿರುವುದು ದೋಷ. ದಣಿದವರು ಬಾಯಿಬಿಟ್ಟಾಗ ಸದ್ಭಕ್ತರು ಉಪದೇಶಕ್ಕೆ ತೊಡಗದೆ ಕಿವಿಗೊಡಬೇಕು. ಆ ಬಳಿಕ ಎದ್ದು ಒಂದು ಇರುಳು ರೋಗಿಯ ಹಾಸಿಗೆಯ ಬಳಿ ಕುಳಿತುಕೊಳ್ಳಬೇಕು. ಅದೂ ದಾಸೋಹವೇ.