ಕಿರಿಯ ಗಾನಯಂತ್ರ ಮತ್ತು ಶ್ರವಣಪ್ರಸಾದ

ಷಟ್‌ಸ್ಥಲ ಸಿದ್ಧಾಂತದಲ್ಲಿ ಶ್ರೋತ್ರೇಂದ್ರಿಯವು ಪ್ರಸಾದಲಿಂಗದ ಸ್ಥಾನ. ಶಬ್ದವು ಅದಕ್ಕೆ ಅರ್ಪಿತವಾಗಬೇಕಾದ ಪದಾರ್ಥ. ಕಿವಿಗೆ ಬಿದ್ದುದೆಲ್ಲ ಪ್ರಸಾದವಲ್ಲ. ಅರ್ಪಿಸಿ ಸ್ವೀಕರಿಸಿದುದೇ ಪ್ರಸಾದ. ಅಂಗೈಯಲ್ಲಿ ಅಡಗುವ ಅಗ್ಗದ ಗಾನಯಂತ್ರಗಳು ಎಲ್ಲೆಡೆ ದೊರೆಯುವ ಈ ಕಾಲದಲ್ಲಿ ಅವುಗಳ ಗುಣದೋಷಗಳನ್ನು ಈ ತತ್ತ್ವದ ಬೆಳಕಿನಲ್ಲಿ ವಿವೇಚಿಸುವುದು ಉಚಿತ.

ಮೊದಲು ಗುಣವನ್ನೇ ಹೇಳಬೇಕು. ಗ್ರಾಮಫೋನು ಉಳ್ಳವರ ಮನೆಯ ಸ್ವತ್ತಾಗಿತ್ತು. ಹಳೆಯ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಾಲ್ಕು ನಿಮಿಷಗಳ ಹಾಡು ಹಿಡಿಯುತ್ತಿತ್ತು. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಪುಟ್ಟ ಕ್ಯಾಸೆಟ್ಟನ್ನು ಹೊರತಂದ ಮೇಲೆ ಕ್ರಮೇಣ ಗಂಟೆಗಟ್ಟಲೆಯ ಗಾಯನ ಬಡವರ ಮನೆಗೂ ಬಂದಿತು. ಇಂದು ಕೆಲವು ನೂರು ರೂಪಾಯಿಗಳ, ಬೆಂಕಿಪೊಟ್ಟಣದಷ್ಟು ಯಂತ್ರದಲ್ಲಿ ಉಗುರಗಲದ ಮೆಮೊರಿ ಕಾರ್ಡು ಸಾವಿರಾರು ಹಾಡುಗಳನ್ನು ಹಿಡಿದಿಡುತ್ತದೆ. 1992ರಲ್ಲಿ ಲಿಂಗೈಕ್ಯರಾದ ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನು ಹೊಲ ಕಾಯುವ ರೈತನೂ ಹಾಸಿಗೆ ಹಿಡಿದ ವೃದ್ಧೆಯೂ ಕೇಳಬಹುದು. ಅಂಧರಿಗಂತೂ ಕಿವಿಯೇ ಗ್ರಂಥಾಲಯ. ಮೊಬೈಲ್ ಫೋನಿನಂತೆ ಕರೆ, ಸಂದೇಶಗಳ ಕಾಟವೂ ಇದರಲ್ಲಿಲ್ಲ. ಇದು ಒಂದೇ ಕಾಯಕಕ್ಕೆ ನಿಂತ ಯಂತ್ರ.

ಆದರೆ ಸಮೃದ್ಧಿಯೊಂದಿಗೆ ಅನಾದರವೂ ಬರುತ್ತದೆ. ಸಾವಿರ ಹಾಡುಗಳುಳ್ಳವನು ಒಂದನ್ನೂ ಪೂರ್ಣವಾಗಿ ಕೇಳದೆ ಗುಂಡಿ ಒತ್ತುತ್ತ ಮುಂದೆ ಸಾಗುತ್ತಾನೆ. ಎಡೆಯಲ್ಲಿ ಬಡಿಸಿದ ಪ್ರಸಾದವನ್ನು ಚೆಲ್ಲಲು ಅಂಜುವ ನಾವು ಕಿವಿಯ ಪ್ರಸಾದವನ್ನು ಅಂಜದೆ ಚೆಲ್ಲುತ್ತೇವೆ. ಮಿತಿ ಮೀರಿದರೆ ದೇಹಕ್ಕೂ ಹಾನಿಯುಂಟು. ವಯಸ್ಕರು 80 ಡೆಸಿಬಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹಾಕಿದೆ. ಧ್ವನಿ ಏರಿದಂತೆ ಈ ಅವಧಿ ಬೇಗ ಬೇಗ ಕುಗ್ಗುತ್ತದೆ. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ನಶಿಸಿದರೆ ಮತ್ತೆ ಹುಟ್ಟುವುದಿಲ್ಲ.

ಇದಕ್ಕಿಂತ ಗಹನವಾದ ಪ್ರಶ್ನೆ ಏಕಾಂಗಿತನದ್ದು. 1979ರಲ್ಲಿ ಜಪಾನಿನ ಸೋನಿ ಸಂಸ್ಥೆ ವಾಕ್‌ಮನ್ ಯಂತ್ರವನ್ನು ಹೊರತಂದಾಗ ಅದರಲ್ಲಿ ಇಬ್ಬರು ಕೂಡಿ ಕೇಳಲೆಂದು ಎರಡು ರಂಧ್ರಗಳಿದ್ದವು; ಹಾಡನ್ನು ತಗ್ಗಿಸಿ ಪರಸ್ಪರ ಮಾತನಾಡಲು ಒಂದು ಗುಂಡಿಯೂ ಇತ್ತು. ಒಬ್ಬನೇ ಕೇಳುವುದು ಅವಿನಯವೆಂದು ಸಂಸ್ಥೆಯ ಅಧ್ಯಕ್ಷರಾದ ಅಕಿಯೊ ಮೊರಿಟಾ ಭಾವಿಸಿದ್ದರು. ಕೊಂಡವರ ಮನಸ್ಸು ಬೇರೆಯಾಗಿತ್ತು. ಕಾಲಕ್ರಮದಲ್ಲಿ ಎರಡನೆಯ ರಂಧ್ರ ಮಾಯವಾಯಿತು. ಯಂತ್ರ ತಯಾರಿಸಿದವನಿಗೆ ಹೊಳೆದ ದಾಸೋಹಬುದ್ಧಿ ಬಳಸಿದವರಿಗೆ ಬೇಡವಾಯಿತು!

ಹಾಗೆಂದು ಬಸ್ಸಿನಲ್ಲಿ ಗಟ್ಟಿಯಾಗಿ ಹಾಡು ಹಚ್ಚುವುದು ದಾಸೋಹವೇ? ಅಲ್ಲ. ಹಸಿದವನಿಗೆ ನೀಡುವುದು ದಾಸೋಹ. ಒಲ್ಲದವನ ಬಾಯಿಗೆ ತುರುಕುವುದು ಹಿಂಸೆ. ಅಲ್ಲಿ ಇಯರ್‌ಫೋನೇ ಸೌಜನ್ಯ. ರೋಗಿಯ, ಅಭ್ಯಾಸಿಯ ಏಕಾಂತವೂ ದೋಷವಲ್ಲ. ಕೇಳಲು ಬಯಸುವ ಮನೆಯವರು ಬಳಿಯಲ್ಲಿರುವಾಗಲೂ ಕಿವಿ ಮುಚ್ಚಿ ಕುಳಿತುಕೊಳ್ಳುವುದೇ ದೋಷ.

ಇನ್ನೊಂದು ಮಾತು. ಯಂತ್ರ ಹಾಡುತ್ತದೆ, ಆದರೆ ನಮ್ಮನ್ನು ಕೇಳಿಸಿಕೊಳ್ಳುವುದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ತಾವು ಅಂಧರಾಗಿದ್ದು ಎಷ್ಟೋ ಅಂಧ ಮಕ್ಕಳಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದರು. ಅಲ್ಲಿ ಗುರುವಿನ ಕಿವಿಯೂ ಶಿಷ್ಯನ ಕಡೆಗಿತ್ತು. ಶಿಷ್ಯನ ಸ್ವರ ಜಾರಿದಾಗ ತಿದ್ದುವುದು ಆ ಕಿವಿಯೇ. ಹಾಡನ್ನು ನೂರು ಸಲ ಮರಳಿ ನುಡಿಸಬಲ್ಲ ಯಂತ್ರ ಅಭ್ಯಾಸಕ್ಕೆ ನೆರವಾದೀತು, ಗುರುವಾಗಲಾರದು. ಅನುಭವ ಮಂಟಪವೂ ಕೇವಲ ಕೇಳುವವರ ಸಭೆಯಾಗಿರಲಿಲ್ಲ. ಕೇಳಿ ಉತ್ತರಿಸುವವರ ಗೋಷ್ಠಿಯಾಗಿತ್ತು.

ಆದುದರಿಂದ ಯಂತ್ರವನ್ನು ನಿಂದಿಸಬೇಕಾಗಿಲ್ಲ, ಪೂಜಿಸಬೇಕಾಗಿಯೂ ಇಲ್ಲ. ದಿನಕ್ಕೊಂದು ವಚನವನ್ನಾದರೂ ಮೊದಲಿನಿಂದ ಕೊನೆಯವರೆಗೆ ಕೇಳೋಣ. ಸಾಧ್ಯವಾದಾಗ ಮನೆಮಂದಿ ಕೂಡಿ ಕೇಳೋಣ. ಕೇಳಿದ ಮೇಲೆ ಯಂತ್ರವನ್ನು ನಿಲ್ಲಿಸಿ ಅದರ ಅರ್ಥವನ್ನು ಕುರಿತು ಎರಡು ಮಾತನಾಡೋಣ. ಆಗ ಅಗ್ಗದ ಯಂತ್ರದಿಂದ ಬಂದ ಶಬ್ದವೂ ಪ್ರಸಾದವಾದೀತು.