ಸಂಧಿಯೂ ಧರ್ಮವೂ

ದಾಯಾದಿಗಳೊಳಗಿನ ವ್ಯಾಜ್ಯವನ್ನು ನ್ಯಾಯಾಲಯದ ಹೊರಗೆ ರಾಜಿಯಿಂದ ಮುಗಿಸಿಕೊಳ್ಳುವುದು ಧರ್ಮವೋ, ಅಥವಾ ನ್ಯಾಯವಾದ ಹಕ್ಕನ್ನು ಕೈಬಿಡುವ ದೌರ್ಬಲ್ಯವೋ ಎಂಬ ಪ್ರಶ್ನೆಯು ಆಸ್ತಿಕ ಮನೆತನಗಳಲ್ಲಿಯೂ ಏಳುವುದುಂಟು.

ಮಹಾಭಾರತದ ಉದ್ಯೋಗಪರ್ವವನ್ನು ನಾವು ಸ್ಮರಿಸೋಣ. ಅರ್ಧರಾಜ್ಯಕ್ಕೆ ಅಧಿಕಾರಿಗಳಾಗಿದ್ದರೂ ಪಾಂಡವರು ಐದು ಗ್ರಾಮಗಳಿಂದ ತೃಪ್ತರಾಗಲು ಸಿದ್ಧರಿದ್ದರು. ಸರ್ವಜ್ಞನಾದ ಶ್ರೀಕೃಷ್ಣನು ದುರ್ಯೋಧನನ ಸ್ವಭಾವವನ್ನು ಅರಿತಿದ್ದೂ ಸಂಧಿಗಾಗಿ ತಾನೇ ಹಸ್ತಿನಾವತಿಗೆ ತೆರಳಿದನು. ಫಲವು ಸಂದಿಗ್ಧವೆಂದು ಸಂಧಿಯ ಯತ್ನವನ್ನು ತೊರೆಯಲಾಗದೆಂಬುದನ್ನು ಇದರಿಂದ ನಾವು ತಿಳಿಯಬೇಕು.

ನಮ್ಮ ದೇಶದ ಶಾಸನವೂ ಈ ಮಾರ್ಗವನ್ನು ತೆರೆದಿದೆ. 1982ರಲ್ಲಿ ಗುಜರಾತಿನ ಜುನಾಗಢ ಜಿಲ್ಲೆಯಲ್ಲಿ ಆರಂಭವಾದ ಲೋಕ ಅದಾಲತ್ತಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು ಶಾಸನಬದ್ಧ ಸ್ಥಾನವನ್ನು ನೀಡಿತು. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವುಂಟು. ದಾವೆಗೆ ಕಟ್ಟಿದ ನ್ಯಾಯಾಲಯ ಶುಲ್ಕವೂ ಹಿಂದಿರುಗುವುದು. ಆದರೆ ಅದರ ಮೇಲೆ ಅಪೀಲಿಲ್ಲ. ಆದುದರಿಂದಲೇ ಉಭಯರ ನಿರ್ಬಂಧರಹಿತ ಸಮ್ಮತಿಯು ಅದರ ಪ್ರಾಣ. ಅದಾಲತ್ತು ತಾನಾಗಿ ತೀರ್ಪು ವಿಧಿಸಲಾಗದು, ರಾಜಿಯಾಗದಿದ್ದರೆ ಪ್ರಕರಣವನ್ನು ನ್ಯಾಯಾಲಯಕ್ಕೆ ಮರಳಿಸಬೇಕು ಎಂದು ಸುಪ್ರೀಂ ಕೋರ್ಟು 2008ರಲ್ಲಿ ಸ್ಪಷ್ಟಪಡಿಸಿತು.

ಇಲ್ಲಿಯೇ ನಾವು ಎಚ್ಚರದಿಂದಿರಬೇಕು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಜನ್ಮತಃ ಮಗನಷ್ಟೇ ಹಕ್ಕುಂಟೆಂದು 2005ರ ತಿದ್ದುಪಡಿಯು ವಿಧಿಸಿದೆ. ಹೀಗಿರಲು, ಮನೆಯ ಮಾನದ ಹೆಸರಿನಲ್ಲಿ ಸೋದರಿಯ ಮುಂದೆ ಹಕ್ಕು ಬಿಡುಗಡೆ ಪತ್ರವನ್ನಿಟ್ಟು, “ತವರಿನ ಬಾಗಿಲು ತೆರೆದಿರಬೇಕಾದರೆ ರುಜು ಹಾಕು” ಎನ್ನುವುದು ಸಂಧಿಯಲ್ಲ. ಶಾಂತಿಯ ವೇಷ ತೊಟ್ಟ ಅಪಹಾರ. ವರ್ಷಕ್ಕೊಮ್ಮೆ ಗೌರಿಹಬ್ಬದ ಬಾಗಿನವನ್ನು ಕಳುಹಿಸಿದ ಮಾತ್ರಕ್ಕೆ ಆ ಋಣವು ತೀರದು.

“ಪಾಂಡವರು ಬಿಟ್ಟುಕೊಡಲಿಲ್ಲವೇ, ಅವಳೂ ಬಿಡಲಿ” ಎಂದು ಕೆಲವರು ಆಕ್ಷೇಪಿಸಬಹುದು. ಐದು ಗ್ರಾಮಗಳ ಮಾತು ಹಕ್ಕುಳ್ಳ ಧರ್ಮರಾಜನ ಬಾಯಿಂದ ಬಂದಿತು. ತ್ಯಾಗವು ಹಕ್ಕುದಾರನ ಬಾಯಿಂದ ಬಂದರೆ ಧರ್ಮ. ಭೋಗಿಸುವವನ ಬಾಯಿಂದ ಬಂದರೆ ಲೋಭ.

ಆದುದರಿಂದ ಸಂಧಿಗೆ ಕುಳಿತವರು ಮೊದಲು ಪ್ರತಿಯೊಬ್ಬರ ಪಾಲು ಇಷ್ಟೆಂದು ಬಾಯಿಬಿಟ್ಟು ಹೇಳಲಿ. ಆಮೇಲೆ ಬಿಡುವವರು ಸ್ವಸಂತೋಷದಿಂದ ಬಿಡಲಿ. ಅದಕ್ಕೂ ಒಪ್ಪದವರ ಎದುರು ನ್ಯಾಯಾಲಯದ ಮೆಟ್ಟಿಲನ್ನು ಏರುವುದು ಪಾಪವಲ್ಲ. ಸಕಲಕ್ಕೂ ಸ್ವತಂತ್ರ ಒಡೆಯನು ಶ್ರೀಹರಿಯೊಬ್ಬನೇ, ನಮ್ಮದು ಅವನು ಕೊಟ್ಟ ಅನುಭವಮಾತ್ರ ಎಂಬ ಅನುಸಂಧಾನವಿದ್ದಲ್ಲಿ ಒಡಹುಟ್ಟಿದವಳ ಪಾಲನ್ನು ಕೊಡುವಾಗ ಕೈ ಹಿಂಜರಿಯದು.

ಶ್ರೀಕೃಷ್ಣಾರ್ಪಣಮಸ್ತು.