ಹೊಳೆ ಏರಲಿ ಎಂದು ಕಾಯುವ ದುಡ್ಡು


*ದಿನಕ್ಕೊಂದು ಧಮ್ಮ ಚಿಂತನೆ*
ಚನ್ನಗಿರಿ – ಹೊನ್ನಾಳಿ – ನ್ಯಾಮತಿ – ಜಗಳೂರು ಅಧ್ಯಯನ ಬಳಗ



ಕಳೆದ ಭಾನುವಾರ ಪಾಠ ಮುಗಿದು ಚಹಾ ಕುಡಿಯುವಾಗ ಒಬ್ಬ ಹುಡುಗ ಕೇಳಿದ: "ಸರ್, ಈ ಸಲ ಹೊನ್ನಾಳಿ ಹೊಳೆದಂಡೆ ಮನೆಗಳಿಗೆ ನೀರು ನುಗ್ಗುತ್ತೋ ಇಲ್ವೋ ಅಂತ ಗೆಳೆಯರು ಬಾಜಿ ಕಟ್ಟಿದೀವಿ. ನುಗ್ಗುತ್ತೆ ಅಂತ ನಂದು ನೂರು ರೂಪಾಯಿ. ಇದರಲ್ಲಿ ಯಾವ ಶೀಲ ಮುರೀತು? ನಾನು ಕೊಂದಿಲ್ಲ, ಕದ್ದಿಲ್ಲ, ಸುಳ್ಳು ಹೇಳಿಲ್ಲ, ಕುಡಿದಿಲ್ಲ. ನಾನು ಬಾಜಿ ಕಟ್ಟಿದೆ ಅಂತ ಮಳೆ ಬರುತ್ತಾ?"

ಒಂದಿಬ್ಬರು ನಕ್ಕರು. ನನಗೆ ನಗು ಬರಲಿಲ್ಲ, ಯಾಕಂದ್ರೆ ಹುಡುಗ ಹೇಳಿದ್ದರಲ್ಲಿ ಒಂದು ಮಾತು ನಿಜ. ಜೂಜು ಎಂಬ ಶಬ್ದ ಪಂಚಶೀಲದಲ್ಲಿ ಇಲ್ಲ. ಇಲ್ಲದ್ದನ್ನು ಇದೆ ಎಂದು ಹೇಳಿ ಹೆದರಿಸುವುದು ನಮ್ಮ ದಾರಿಯಲ್ಲ, ಅದು ನಾವು ಬಿಟ್ಟು ಬಂದ ಮನೆಯವರ ದಾರಿ.

ಆದರೆ ಭಗವಾನರು ಜೂಜಿನ ಬಗ್ಗೆ ಸುಮ್ಮನಿರಲಿಲ್ಲ. ಸಿಗಾಲೋವಾದ ಸುತ್ತದಲ್ಲಿ ಗೃಹಸ್ಥನಿಗೆ ಜೂಜಿನ ಆರು ಕೇಡುಗಳನ್ನು ಹೇಳಿದ್ದಾರೆ. ಗೆದ್ದವನಿಗೆ ಹಗೆ ಹುಟ್ಟುತ್ತದೆ, ಸೋತವನು ಕಳೆದದ್ದಕ್ಕೆ ಕೊರಗುತ್ತಾನೆ, ಇದ್ದ ಹಣ ಹೋಗುತ್ತದೆ, ನಾಲ್ಕು ಜನರ ನಡುವೆ ಅವನ ಮಾತಿಗೆ ಬೆಲೆ ಇರುವುದಿಲ್ಲ, ಗೆಳೆಯರು ಹಗುರಾಗಿ ಕಾಣುತ್ತಾರೆ, ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ. ಎರಡೂವರೆ ಸಾವಿರ ವರ್ಷದ ಮಾತು, ನಮ್ಮೂರಿನಲ್ಲಿ ನಿನ್ನೆ ಆಡಿದಂತಿದೆ.

ಕೋಲಿಯರ ದೀಘಜಾಣುವಿಗೆ ಕೊಟ್ಟ ಉಪಮೆ ಚನ್ನಗಿರಿಯವರಿಗೆ ಬೇಗ ಅರ್ಥವಾಗುತ್ತದೆ. ಒಂದು ದೊಡ್ಡ ಕೆರೆ, ನೀರು ಬರಲು ನಾಲ್ಕು ದಾರಿ, ಹೋಗಲು ನಾಲ್ಕು ದಾರಿ. ಬರುವ ದಾರಿ ಮುಚ್ಚಿ, ಹೋಗುವ ದಾರಿ ತೆರೆದಿಟ್ಟರೆ, ಮೇಲೆ ಮಳೆಯೂ ಇಲ್ಲದಿದ್ದರೆ ಕೆರೆ ಉಳಿಯುತ್ತದೆಯೇ? ಹೆಣ್ಣಿನ ಚಟ, ಕುಡಿತ, ಜೂಜು, ಕೆಟ್ಟವರ ಸಂಗ, ಸಂಪತ್ತು ಹರಿದು ಹೋಗುವ ತೂಬುಗಳು ಈ ನಾಲ್ಕು. ಸೂಳೆಕೆರೆಯಷ್ಟು ದೊಡ್ಡ ಕೆರೆಯೂ ತೂಬು ಮುಚ್ಚದಿದ್ದರೆ ನಿಲ್ಲದು. ಇನ್ನು ನಮ್ಮ ಕೂಲಿಯ ದುಡ್ಡು ಎಷ್ಟರದು!

ಇಷ್ಟು ಎಲ್ಲ ಜೂಜಿಗೂ ಅನ್ವಯಿಸುವ ಮಾತು. ಹುಡುಗನ ಬಾಜಿಯಲ್ಲಿ ಇದಕ್ಕಿಂತ ಹೆಚ್ಚಿನದೊಂದು ಇದೆ.

ಇಸ್ಪೀಟಿನಲ್ಲಿ ಗೆಲ್ಲಲು ಎಲೆ ಚೆನ್ನಾಗಿ ಬೀಳಬೇಕು. ಇಲ್ಲಿ ಗೆಲ್ಲಲು ಒಬ್ಬಳ ಅಡುಗೆಮನೆಗೆ ನೀರು ನುಗ್ಗಬೇಕು. 2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕಾಡ್ಗಿಚ್ಚು ಹಬ್ಬಿ 16 ಸಾವಿರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು. ಬೆಂಕಿ ಇನ್ನೂ ಉರಿಯುತ್ತಿದ್ದಾಗಲೇ ಪಾಲಿಮಾರ್ಕೆಟ್ ಎಂಬ ಜಾಲತಾಣದಲ್ಲಿ ಜನ ಹಣ ಕಟ್ಟುತ್ತಿದ್ದರು: ಎಷ್ಟು ಎಕರೆ ಸುಡುತ್ತದೆ, ಯಾವಾಗ ಹತೋಟಿಗೆ ಬರುತ್ತದೆ, ಪಕ್ಕದ ಊರಿಗೆ ತಲುಪುತ್ತದೆಯೇ ಎಂದು. ಹಾಗೆ ಹಣ ಕಟ್ಟಿದವನು ಟಿವಿಯಲ್ಲಿ ಬೆಂಕಿ ನೋಡುವಾಗ ಅವನ ಮನಸ್ಸು ಯಾವ ಕಡೆ ಇರುತ್ತದೆ?

ಇದು ಅಮೆರಿಕದವರ ಹೊಸ ಚಟ ಎಂದು ತಿಳಿಯಬೇಡಿ. ನೂರಮೂವತ್ತು ವರ್ಷದ ಹಿಂದೆ ಮುಂಬಯಿ, ಕಲ್ಕತ್ತಾದ ಪೇಟೆಗಳಲ್ಲಿ ಮಳೆ ಜೂಜು ಜೋರಾಗಿತ್ತು. ಇಷ್ಟು ಹೊತ್ತಿನೊಳಗೆ ಮಾಳಿಗೆಯ ದೋಣಿಯಿಂದ ನೀರು ಸುರಿಯುವಷ್ಟು ಮಳೆ ಬೀಳುತ್ತದೋ ಇಲ್ಲವೋ ಎಂದು ಹಣ ಕಟ್ಟುತ್ತಿದ್ದರು. ಮುಂಬಯಿ ಪ್ರಾಂತ್ಯದಲ್ಲಿ 1890ರಲ್ಲಿ, ಬಂಗಾಳದಲ್ಲಿ 1897ರಲ್ಲಿ ಕಾನೂನು ತಿದ್ದಿ ಅದನ್ನು ನಿಷೇಧಿಸಿದರು. ನಮ್ಮ ಧಾರವಾಡ, ಬಿಜಾಪುರ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ನಮ್ಮ ಕಾಲದಲ್ಲಿ ಅದೇ ಜೂಜು ಮೊಬೈಲಿಗೆ ಬಂತು. ಹೌದು–ಇಲ್ಲ ಎಂದು ಒತ್ತಿ ಹಣ ಕಟ್ಟುವ ಆ್ಯಪ್‌ಗಳನ್ನು ಎಷ್ಟು ಹುಡುಗರು ಇಟ್ಟುಕೊಂಡಿದ್ದರು ಎಂಬುದು ನಿಮಗೇ ಗೊತ್ತು. ಕರ್ನಾಟಕ 2021ರಲ್ಲಿ ತಂದ ಆನ್‌ಲೈನ್ ಜೂಜಿನ ನಿಷೇಧ 2022ರ ಫೆಬ್ರವರಿಯಲ್ಲಿ ಹೈಕೋರ್ಟಿನಲ್ಲಿ ಬಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾಯ್ದೆ ಮಾಡಿತು. ಆಡಿಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿ ಸೋತವನಿಗೆ ಶಿಕ್ಷೆ ಇಲ್ಲ. ಇದು ಸರಿಯಾದ ಕ್ರಮ ಎಂದೇ ನನ್ನ ಅಭಿಪ್ರಾಯ. ಆದರೆ ಚಹಾದಂಗಡಿಯ ನೂರು ರೂಪಾಯಿಯ ಹತ್ತಿರ ಯಾವ ಪೊಲೀಸರು ಬರುತ್ತಾರೆ? ಅಲ್ಲಿ ಕಾಯುವುದು ಚಿತ್ತವೊಂದೇ.

ಜಗಳೂರಿನ ಹಿರಿಯರೊಬ್ಬರು ಒಳ್ಳೆಯ ಅಡ್ಡಪ್ರಶ್ನೆ ಹಾಕಿದರು: "ಹಂಗಾದ್ರೆ ನಾವು ಬೆಳೆ ವಿಮೆ ಕಟ್ಟೋದೂ ಬರದ ಮೇಲೆ ಬಾಜಿ ಕಟ್ಟಿದಂಗೇ ಆಯ್ತಲ್ಲ?" ಅಲ್ಲ ಅಣ್ಣ. ಮುಂಗಾರಿನ ಮೆಕ್ಕೆಜೋಳಕ್ಕೆ ನೂರಕ್ಕೆ ಎರಡು ರೂಪಾಯಿ ಕಂತು ಕಟ್ಟಿದ ರೈತನಿಗೆ ಬರ ಬಂದರೆ ಹೊಲವೇ ಹೋಯಿತು. ಬರುವ ಪರಿಹಾರ ಆ ನಷ್ಟದ ಒಂದು ಪಾಲು ತುಂಬಲು. ಅವನು ಮಳೆ ಬರಲಿ ಎಂದೇ ಆಕಾಶ ನೋಡುತ್ತಾನೆ. ಬಾಜಿ ಕಟ್ಟಿದವನಿಗೆ ಹೊಲವೂ ಇಲ್ಲ, ನಷ್ಟವೂ ಇಲ್ಲ. ಬರ ಬಂದರೆ ಅವನಿಗೆ ಲಾಭವೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮನೆಗೆ ಬೀಗ ಹಾಕಿ ಗುಳೆ ಹೋಗುವುದು ಏನೆಂದು ಜಗಳೂರಿನವರಿಗೆ ನಾನು ವಿವರಿಸಬೇಕಿಲ್ಲ.

ಬಾಜಿಯಿಂದ ಮುನ್ಸೂಚನೆ ಸಿಗುತ್ತದೆ ಎಂದು ವಾದಿಸುವ ಓದಿದವರೂ ಇದ್ದಾರೆ. ಹೊಳೆದಂಡೆಯವರಿಗೆ ಬೇಕಾದದ್ದು ಗಾಜನೂರಿನಿಂದ ಎಷ್ಟು ನೀರು ಬಿಟ್ಟರು ಎಂಬ ಸುದ್ದಿ, ರಾತ್ರಿಯೇ ಬಂದು ಎಬ್ಬಿಸುವ ಒಬ್ಬ ಮನುಷ್ಯ. ಬಾಜಿಯ ದರ ತೆಗೆದುಕೊಂಡು ಅವರೇನು ಮಾಡಬೇಕು? ಮಳೆಯಾಗುತ್ತದೆ, ಬರ ಬರುತ್ತದೆ ಎಂದು ಹೇಳಿ ಹೊಟ್ಟೆ ಹೊರೆಯುವುದನ್ನೇ ಬ್ರಹ್ಮಜಾಲ ಸುತ್ತ ತಪ್ಪು ಜೀವನೋಪಾಯದಲ್ಲಿ ಸೇರಿಸಿದೆ.

ಬಾಬಾಸಾಹೇಬರು ಏನು ಮಾಡಿದರು ನೋಡಿ. 1943ರಲ್ಲಿ ದಾಮೋದರ ನದಿ ಉಕ್ಕಿ ಬಂಗಾಳ ಮುಳುಗಿತು. ಆಗ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರದು. 1945ರ ಜನವರಿಯಲ್ಲಿ ಕಲ್ಕತ್ತಾದಲ್ಲಿ ತಾವೇ ಅಧ್ಯಕ್ಷತೆ ವಹಿಸಿ ಸಭೆ ನಡೆಸಿದರು. ಆ ಕೆಲಸದಿಂದ 1948ರಲ್ಲಿ ದಾಮೋದರ ಕಣಿವೆ ನಿಗಮ ಹುಟ್ಟಿತು. ಅದೇ 1945ರ ನವೆಂಬರಿನಲ್ಲಿ ಕಟಕ್‌ನಲ್ಲಿ ಅವರು ವಾದಿಸಿದ್ದು, ನೀರು ಹೆಚ್ಚಾಯಿತೆಂದು ಹೆದರಬೇಡಿ, ಮನುಷ್ಯ ಹೆಚ್ಚು ಬಳಲಿದ್ದು ನೀರಿಲ್ಲದೆ, ಬಂದದ್ದನ್ನು ಹಿಡಿದಿಡಿ ಎಂದು. ಹೊನ್ನಾಳಿಯನ್ನು ಹೆದರಿಸುವ ತುಂಗಭದ್ರೆಯ ನೀರನ್ನೇ ಜಗಳೂರಿನ 57 ಕೆರೆಗಳಿಗೆ ತುಂಬಿಸುವ ಯೋಜನೆಯ ಹಿಂದೆಯೂ ಇದೇ ವಿವೇಕ ಇದೆ.

ಇನ್ನೊಂದು ಮಾತು ಹುಡುಗನಿಗೆ ಹೇಳಿದೆ. ಊರು ಕಟ್ಟುವಾಗ ಎತ್ತರದ ಜಾಗ ಯಾರು ತೆಗೆದುಕೊಂಡರು, ತಗ್ಗು ಯಾರಿಗೆ ಬಿಟ್ಟರು? ನೀರು ಏರಿದರೆ ಮೊದಲು ಹೊಕ್ಕುವುದು ಯಾರ ಕೇರಿಗೆ? ನಿನ್ನ ನೂರು ರೂಪಾಯಿ ಯಾರ ವಿರುದ್ಧ ನಿಂತಿದೆ? ಎಲ್ಲ ಜೀವಿಗಳಲ್ಲಿ ಕರುಣೆ ಇಡುತ್ತೇನೆ ಎಂದು ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಹೇಳಿದ್ದೇವೆ. ಹೊಳೆ ಏರುವ ರಾತ್ರಿ ಒಂದು ಮನಸ್ಸು ಆ ಪ್ರತಿಜ್ಞೆಯನ್ನೂ ಆ ನೋಟನ್ನೂ ಒಟ್ಟಿಗೆ ಹಿಡಿದುಕೊಳ್ಳಲಾರದು. ಮಳೆ ನಿನ್ನ ಮಾತು ಕೇಳದು, ನಿಜ. ನಿನ್ನ ಚಿತ್ತ ಕೇಳುತ್ತದೆ, ಕಮ್ಮ ಹುಟ್ಟುವುದು ಅಲ್ಲಿಯೇ.

ಹುಡುಗ ಏನೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟವನು ಬಾಗಿಲಲ್ಲಿ ತಿರುಗಿ, "ದುಡ್ಡು ಆಗಲೇ ಕೊಟ್ಟಾಗಿದೆ ಸರ್, ವಾಪಸ್ ಕೇಳಿದ್ರೆ ನಗ್ತಾರೆ" ಎಂದ. "ನಗಲಿ, ಕೇಳು" ಎಂದೆ. ಕೇಳಿದನೋ ಇಲ್ಲವೋ, ಈ ಭಾನುವಾರ ಬಂದರೆ ತಿಳಿಯುತ್ತದೆ.

ಈ ವಾರದ ಓದು: ಸಿಗಾಲೋವಾದ ಸುತ್ತ. ಹೊನ್ನಾಳಿ, ನ್ಯಾಮತಿಯ ಬಂಧುಗಳು ಮಳೆ ಜೋರಾಗಿದ್ದರೆ ಪ್ರಯಾಣ ಮಾಡಬೇಡಿ, ಹೊಳೆದಂಡೆಯ ಮನೆಗಳವರನ್ನು ಒಮ್ಮೆ ವಿಚಾರಿಸಿಕೊಂಡು ಗುಂಪಿನಲ್ಲಿ ತಿಳಿಸಿ.

ಭವತು ಸಬ್ಬ ಮಂಗಲಂ
ಸಾಧು ಸಾಧು ಸಾಧು 🙏